ಪತ್ರದ ಕೊನೆಯ ಪುಟದಲ್ಲಿ ಸಹಿ ಹಾಕಿದವರು ಎಲ್ಲಿ ಹೋದರು?

ಪ್ರಶ್ನೆ: ನಾನು ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿ. ನಮ್ಮ ಬೀದಿಯಲ್ಲಿ 78 ವರ್ಷದ ಅಜ್ಜಿಯೊಬ್ಬರು ಇದ್ದಾರೆ. ಗಂಡ ತೀರಿಕೊಂಡ ಮೇಲೆ ತಮ್ಮ ಹೆಸರಿಗೆ ಬಂದಿದ್ದ ತೆಂಗಿನ ತೋಟವನ್ನೂ ಮನೆಯನ್ನೂ ಮೂವರು ಗಂಡುಮಕ್ಕಳಿಗೆ ಬರೆದುಕೊಟ್ಟರು. ಈಗ ಅವರ ಹೆಸರಿನ ರೇಷನ್ ಅಕ್ಕಿ ದೊಡ್ಡ ಮಗನ ಮನೆಗೆ ಹೋಗುತ್ತದೆ. ಪಿಂಚಣಿಯ ಪಾಸ್‌ಬುಕ್ಕು ಎರಡನೆಯವನ ಹತ್ತಿರ ಇದೆ. ಅಜ್ಜಿ ಮಾತ್ರ ಮೂರನೆಯವನ ಮನೆಯ ಹೊರಜಗಲಿಯಲ್ಲಿ ಮಲಗುತ್ತಾರೆ. ಕೇಳಿದರೆ ಕೆಲವರು ಸೊಸೆಯರು ಸರಿಯಿಲ್ಲ ಎನ್ನುತ್ತಾರೆ, ಕೆಲವರು ಮೊಬೈಲ್ ಬಂದು ಕೆಟ್ಟಿತು ಎನ್ನುತ್ತಾರೆ, ಇನ್ನು ಕೆಲವರು ಕಾಲವೇ ಹಾಗೆ ಎನ್ನುತ್ತಾರೆ. ಸಮಾಜದ ನೀತಿ ಇಷ್ಟು ಕುಸಿದದ್ದು ಏಕೆ? ಇದರ ಪರಿಣಾಮ ಏನು? ಅಕ್ಕಪಕ್ಕದವರಾದ ನಾವು ಏನಾದರೂ ಮಾಡಬಹುದೇ?

ಉತ್ತರ: ನಿಮ್ಮ ಪತ್ರ ಓದಿದ ಮೇಲೆ ಆ ಅಕ್ಕಿಯ ಮಾತು ತಲೆಯಿಂದ ಹೋಗಲೇ ಇಲ್ಲ. ಅಜ್ಜಿಗೆ ಸೇರಿದ್ದನ್ನೆಲ್ಲ ಲೆಕ್ಕ ಹಾಕಿ ಹಂಚಿಕೊಂಡ ಮಕ್ಕಳು ಅಜ್ಜಿಯನ್ನು ಮಾತ್ರ ಯಾರ ಪಾಲಿಗೂ ಬರೆದುಕೊಂಡಿಲ್ಲ. ತಾಲ್ಲೂಕು ಕೇಂದ್ರದಲ್ಲಿ 27 ವರ್ಷ ವಕೀಲಿಕೆ ಮಾಡಿದವನು ನಾನು. ಅದರಲ್ಲಿ ಕೆಲವು ವರ್ಷ ಹಿರಿಯ ನಾಗರಿಕರ ಜೀವನಾಂಶದ ಅರ್ಜಿಗಳಲ್ಲಿ ಸಂಧಾನಕಾರನಾಗಿ ಕೂತಿದ್ದೇನೆ. ನಿಮ್ಮ ಬೀದಿಯ ಅಜ್ಜಿಯಂಥವರನ್ನು ಎದುರು ಕೂರಿಸಿಕೊಂಡು ಮಾತಾಡಿಸಿದ ಅನುಭವದಿಂದಲೇ ಈ ಉತ್ತರ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ಕಾಗದದ ವಿಷಯ ಹೇಳುತ್ತೇನೆ. ಸ್ವಾತಂತ್ರ್ಯಕ್ಕೆ ಮುಂಚಿನ ಒಂದು ಪಾಲುಪಟ್ಟಿಯನ್ನು ಕಕ್ಷಿದಾರರೊಬ್ಬರು ತಂದು ಕೊಟ್ಟಿದ್ದರು. ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ಜಮೀನಿನ ಚಕ್ಕುಬಂದಿ ಅಂದರೆ ನಾಲ್ಕು ದಿಕ್ಕಿನ ಗಡಿ, ಬಾವಿಯ ನೀರಿನ ಸರದಿ, ಹುಣಸೆಮರ ಯಾರ ಪಾಲಿಗೆ ಎಂಬುದೆಲ್ಲ ಆದ ಮೇಲೆ ಕೊನೆಯಲ್ಲಿ ತಾಯಿಯ ವಿಷಯ ಬರುತ್ತದೆ. ಇಬ್ಬರು ಮಕ್ಕಳೂ ವರ್ಷಕ್ಕೆ ತಲಾ ಎರಡು ಪಲ್ಲ ರಾಗಿ ಅಳೆದುಕೊಡಬೇಕು, ಯುಗಾದಿಗೊಂದು ಗೌರಿ ಹಬ್ಬಕ್ಕೊಂದು ಸೀರೆ ಕೊಡಬೇಕು, ದೀಪಕ್ಕೆ ಎಣ್ಣೆ ಕೊಡಬೇಕು, ನಡುಮನೆಯ ಎಡಗಡೆಯ ಕೋಣೆ ಆಕೆ ಇರುವವರೆಗೂ ಆಕೆಯದು. ಕೆಳಗೆ ಐದು ಜನರ ಸಾಕ್ಷಿ. ಪಕ್ಕದ ಹೊಲದವನು, ಸೋದರಮಾವ, ಊರಗೌಡರು, ಇನ್ನಿಬ್ಬರದು ಹೆಬ್ಬೆಟ್ಟು. ಬಿಕ್ಕಲಂ, ಅಂದರೆ ಪತ್ರ ಬರೆದ ಕೈ, ಶಾನುಭೋಗರದು.

ಆ ಕಾಗದ ಓದಿದ ದಿನದಿಂದ 'ಹಿಂದಿನವರು ತಂದೆತಾಯಿಯನ್ನು ದೇವರಂತೆ ನೋಡಿಕೊಳ್ಳುತ್ತಿದ್ದರು' ಎಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ದೇವರಂತೆ ನೋಡಿಕೊಳ್ಳುವ ಮಗನಿಗೆ ಸೀರೆ ಎಷ್ಟು ಎಂದು ಬರೆಯುವ ಅಗತ್ಯ ಇರಲಿಲ್ಲ. ಆ ಕಾಲದ ಹಿರಿಯರಿಗೂ ಮನುಷ್ಯನ ಆಸೆ ಗೊತ್ತಿತ್ತು. ಆದ್ದರಿಂದಲೇ ರಾಗಿಯನ್ನು ಅಳತೆ ಹಾಕಿ ಬರೆದರು, ಕೋಣೆಯನ್ನು ದಿಕ್ಕು ಹೇಳಿ ಬರೆದರು, ಐದು ಜನರನ್ನು ಹೊಣೆ ಮಾಡಿದರು. ಸಾಕ್ಷಿ ಹಾಕಿದ ಸೋದರಮಾವ ಮುಂದಿನ ಸುಗ್ಗಿಯಲ್ಲಿ ಮನೆಗೆ ಬಂದು, 'ಏನೋ, ಅಕ್ಕಂಗೆ ರಾಗಿ ಅಳೆದ್ಯಾ?' ಎಂದು ಕೇಳುವವನಾಗಿದ್ದ. ನಡುಮನೆಯ ಕೋಣೆ ಆಕೆಗೆ ಉಳಿಯಲು ಮಗನ ಪ್ರೀತಿ ಎಷ್ಟು ಕಾರಣವೋ ಈ ಕೇಳುವ ಬಾಯಿಯೂ ಅಷ್ಟೇ ಕಾರಣ.

ಈಗ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬನ್ನಿ. ಬೆಳಿಗ್ಗೆ ಹನ್ನೊಂದು ಗಂಟೆ. ಕಾರಿನಿಂದ ಅಜ್ಜಿಯನ್ನು ಇಳಿಸಿ ಬೆಂಚಿನ ಮೇಲೆ ಕೂರಿಸುತ್ತಾರೆ. ಕೈಗೊಂದು ಜ್ಯೂಸಿನ ಪೊಟ್ಟಣ. ಪತ್ರ ಬರಹಗಾರರ ಅಂಗಡಿಯಲ್ಲಿ ದಾನಪತ್ರ ಆಗಲೇ ಟೈಪಾಗಿರುತ್ತದೆ. ಹಿಂದಿನ ವಾರದ ಯಾರದೋ ಪತ್ರದಲ್ಲಿ ಹೆಸರು, ಸರ್ವೆ ನಂಬರು ಬದಲಾಯಿಸಿದ್ದು. 'ಪ್ರೀತಿ ವಿಶ್ವಾಸದಿಂದ' ಎಂಬ ಮಾತು ಎಲ್ಲ ಪತ್ರದಲ್ಲೂ ಇರುತ್ತದೆ. 'ಊಟ, ಬಟ್ಟೆ, ಔಷಧಿ ನೋಡಿಕೊಳ್ಳತಕ್ಕದ್ದು' ಎಂಬ ಸಾಲು ಬಹಳ ಪತ್ರಗಳಲ್ಲಿ ಇರುವುದಿಲ್ಲ. ದಾನಪತ್ರಕ್ಕೆ ಕಾನೂನಿನ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಅಷ್ಟು ಹೊತ್ತಿಗೆ ಸಿಗುವವರು ಯಾರು? ಜೆರಾಕ್ಸ್ ಅಂಗಡಿಯ ಹುಡುಗ, ಕಾರಿನ ಡ್ರೈವರ್, ಟೀ ಅಂಗಡಿಯ ಹತ್ತಿರ ಇದಕ್ಕೆಂದೇ ನಿಂತಿರುವ ಒಬ್ಬರು. ಆಧಾರ್ ತೋರಿಸಿ, ಸಹಿ ಹಾಕಿ, ನೂರಿನ್ನೂರು ರೂಪಾಯಿ ಜೇಬಿಗಿಟ್ಟುಕೊಂಡು ಹೋಗುತ್ತಾರೆ. ಅಜ್ಜಿಯ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸುತ್ತಾರೆ. ಕೈ ಸವೆದಿದ್ದರೆ ಎರಡು ಮೂರು ಸಲ ಒತ್ತಿಸಬೇಕಾಗುತ್ತದೆ. ಬದುಕಿಡೀ ದುಡಿದ ತೋಟ ಅರ್ಧ ಗಂಟೆಯಲ್ಲಿ ಕೈ ಬದಲಾಗುತ್ತದೆ. ನಾಳೆ ಆಕೆಗೆ ಅನ್ನ ಹಾಕದಿದ್ದರೆ ಕೇಳಬೇಕಾದ ಇಬ್ಬರಿಗೆ ಆಕೆಯ ಊರು ಯಾವುದೆಂದೂ ಗೊತ್ತಿಲ್ಲ.

ನೀತಿ ಎಲ್ಲಿ ಕುಸಿಯಿತು ಎಂದು ನೀವು ಕೇಳಿದಿರಿ. ನನ್ನ ಪ್ರಕಾರ ಅದು ಕುಸಿದದ್ದು ಆ ಬೆಂಚಿನ ಹತ್ತಿರ. ಮಗನ ಮನಸ್ಸು ಹಿಂದೆಯೂ ಕೆಡುತ್ತಿತ್ತು. ಕೆಟ್ಟಾಗ ಅಡ್ಡ ನಿಲ್ಲುತ್ತಿದ್ದವರು ಈಗ ಇಲ್ಲ.

ಅವರು ಇಲ್ಲದಂತಾಗಿದ್ದಕ್ಕೆ ಹಲವು ಕಾರಣಗಳಿವೆ, ಎಲ್ಲವೂ ಕೆಟ್ಟವಲ್ಲ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯಸ್ಸು 32ರ ಆಸುಪಾಸು. ಈಗ ಸುಮಾರು 70. ಆಗ ಮುಪ್ಪಿನ ಆರೈಕೆ ಎಂದರೆ ಬಹಳ ಮನೆಗಳಲ್ಲಿ ಕೆಲವು ವರ್ಷದ ಮಾತು. ಈಗ ಅದು ಎಷ್ಟೋ ಹೆಚ್ಚು ವರ್ಷ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರು, ವಾರಕ್ಕೆರಡು ಸಲ ಡಯಾಲಿಸಿಸ್ ಬೇಕಾದವರು, ಮರೆವಿನ ಕಾಯಿಲೆಯಿಂದ ರಾತ್ರಿ ಬಾಗಿಲು ತೆಗೆದು ಹೊರಟುಬಿಡುವವರು. 2011ರ ಜನಗಣತಿಯಲ್ಲೇ ದೇಶದ ಜನರಲ್ಲಿ ಶೇ 8.6ರಷ್ಟು ಮಂದಿ 60 ದಾಟಿದವರಿದ್ದರು, ಎಂದರೆ ಹತ್ತು ಕೋಟಿಗೂ ಹೆಚ್ಚು. ಇಷ್ಟು ದೀರ್ಘ ಮುಪ್ಪನ್ನು ನಮ್ಮ ಅಜ್ಜ ಮುತ್ತಜ್ಜಂದಿರು ಕಂಡಿರಲಿಲ್ಲ. ಅದನ್ನು ನಿಭಾಯಿಸುವ ರೀತಿಯೂ ನಮಗೆ ಪರಂಪರೆಯಿಂದ ಬಂದಿಲ್ಲ.

ಇನ್ನೊಂದು ಕಾರಣವನ್ನು ಗಂಡಸರು ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ. ಹಿಂದೆ ಮಗ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಎನ್ನುತ್ತೇವಲ್ಲ, ನಿಜಕ್ಕೂ ಗಂಜಿ ಕುಡಿಸಿದವಳು, ಮಲಮೂತ್ರ ಬಳಿದವಳು, ರಾತ್ರಿ ಎದ್ದು ನೀರು ಕೊಟ್ಟವಳು ಸೊಸೆ. ಆಕೆಯನ್ನು ಯಾರೂ ಕೇಳಿ ಮಾಡಿಸಲಿಲ್ಲ. ಅದೇ ಅತ್ತೆಯಿಂದ ಮೂವತ್ತು ವರ್ಷ ಬೈಸಿಕೊಂಡವಳೂ ಆಕೆಯೇ. ಈಗ ಆಕೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಅಂಗನವಾಡಿಗೆ ಹೋಗುತ್ತಾಳೆ, ಬ್ಯಾಂಕಿಗೆ ಹೋಗುತ್ತಾಳೆ. ಕೆಲಸ ಹಾಗೇ ಉಳಿಯಿತು, ಮಾಡುವ ಕೈ ಹೊರಗೆ ಹೋಯಿತು. ಆ ಕೆಲಸಕ್ಕೆ ಮಗ ಕೈ ಹಾಕಿದ್ದರೆ ನಿಮ್ಮ ಅಜ್ಜಿ ಜಗಲಿಯಲ್ಲಿ ಇರುತ್ತಿರಲಿಲ್ಲ. ಆದ್ದರಿಂದ 'ಸೊಸೆಯರು ಸರಿಯಿಲ್ಲ' ಎನ್ನುವವರಿಗೆ ನೀವು ಒಂದೇ ಪ್ರಶ್ನೆ ಕೇಳಿ: ಅಜ್ಜಿ ಹೆತ್ತದ್ದು ಯಾರನ್ನು?

ಜಮೀನಿನ ಬೆಲೆಯದು ಮೂರನೆಯ ಕಾರಣ. ರಾಗಿ, ತೆಂಗು ಬೆಳೆಯುವ ನೆಲವಾಗಿದ್ದಾಗ ಅದನ್ನು ಬಳಸಬೇಕಾದರೆ ಮಗ ಅಲ್ಲೇ ಇರಬೇಕಿತ್ತು. ಅಲ್ಲೇ ಇದ್ದರೆ ಅಪ್ಪ ಅಮ್ಮನ ಕಣ್ಣೆದುರಿಗೇ ಇರಬೇಕಿತ್ತು. ಅದೇ ನೆಲ ಸೈಟಾದಾಗ ಮಾರಿ ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆ ಮಾಡಬಹುದು. ನೆಲ ಮಾರುಕಟ್ಟೆಗೆ ಹೋದ ಕಡೆಯೆಲ್ಲ ಅದರ ಜೊತೆ ಅಂಟಿಕೊಂಡಿದ್ದ ಹೊಣೆ ಕಳಚಿಬಿದ್ದದ್ದನ್ನು ನೋಡಿದ್ದೇನೆ. ಮನೆಯವರ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ ರೂಪಾಯಿ. ಕ್ರಯಪತ್ರದ ಹಾಗೆ ಆಸ್ತಿಯ ಬೆಲೆಯ ಮೇಲೆ ಶೇಕಡಾವಾರು ಕಟ್ಟಬೇಕಿಲ್ಲ. ಒಳ್ಳೆಯ ಉದ್ದೇಶದ ರಿಯಾಯಿತಿ ಅದು. ಆದರೆ 'ಈಗಲೇ ಬರೆದುಬಿಡಮ್ಮ, ಖರ್ಚು ಕಡಿಮೆ, ಆಮೇಲೆ ವಿಲ್ಲು ಅಂತ ಹೋದ್ರೆ ನಾವು ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯಬೇಕಾಗುತ್ತೆ' ಎಂಬ ಮಾತಿಗೆ ಅದೇ ಬೆಂಬಲ ಕೊಡುತ್ತದೆ. ಮಕ್ಕಳು ಜಗಳವಾಡಬಾರದೆಂದು ತಾಯಿ ಬರೆದುಕೊಡುತ್ತಾಳೆ.

ಇನ್ನು ಊರಿನ ಕಣ್ಣು. 1961ರ ಗ್ರಾಮ ಅಧಿಕಾರ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಹೋದವು. ಹೋಗಬೇಕಾದದ್ದೇ. ಆ ಐದು ಸಾಕ್ಷಿಗಳ ಕಣ್ಣು ಬರೀ ತಾಯಿಗೆ ರಾಗಿ ಅಳೆದದ್ದನ್ನು ನೋಡುತ್ತಿರಲಿಲ್ಲ; ಯಾರು ಯಾವ ಬಾವಿಯ ನೀರು ಮುಟ್ಟಿದರು, ಯಾವ ವಿಧವೆ ಯಾವ ಸೀರೆ ಉಟ್ಟಳು ಎಂಬುದನ್ನೂ ನೋಡುತ್ತಿತ್ತು. ಆ ಊರು ಹಾಗೇ ಮತ್ತೆ ಬರಲಿ ಎಂದು ನಾನಂತೂ ಬಯಸುವುದಿಲ್ಲ. ಆದರೆ ದಬ್ಬಾಳಿಕೆಯ ಕಣ್ಣನ್ನು ಕಿತ್ತಾಗ ಅದರ ಜೊತೆಗೆ ಕಾಳಜಿಯ ಕಣ್ಣೂ ಹೋಯಿತು. ಆ ಜಾಗದಲ್ಲಿ ಬಂದು ಕೂತ ಮಾತು 'ಅದು ಅವರ ಮನೆ ವಿಷಯ, ನಮಗ್ಯಾಕೆ'. ಈ ಮಾತನ್ನು ಸಭ್ಯತೆ ಎಂದುಕೊಂಡಿದ್ದೇವೆ. ನನಗೆ ಈ ಮಾತಿನ ಮೇಲೆ ಇರುವ ಸಿಟ್ಟು ಮೂವರು ಮಕ್ಕಳ ಮೇಲೂ ಇಲ್ಲ.

ಸಂಧಾನದ ಒಂದು ದಿನ ಹೇಳುತ್ತೇನೆ. 74 ವರ್ಷದ ತಾಯಿ, ಎದುರಿಗೆ ಒಬ್ಬನೇ ಮಗ. ತಿಂಗಳಿಗೆ ಎಷ್ಟು ಜೀವನಾಂಶ ಬೇಕಮ್ಮ ಎಂದು ಕೇಳಿದೆ. ಆಕೆ ಬಹಳ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತಿದ್ದರು. ಆಮೇಲೆ, 'ದುಡ್ಡೇನೂ ಬ್ಯಾಡ ಸಾಮಿ, ರಾತ್ರಿ ಹೊತ್ತು ಒಳಗಿನ ಬಚ್ಚಲಿಗೆ ಹೋಗಾಕೆ ಬಿಟ್ಟರೆ ಸಾಕು' ಎಂದರು. ಹೊಸ ಮನೆ ಕಟ್ಟಿಸಿ ಟೈಲ್ಸ್ ಹಾಕಿಸಿದ ಮೇಲೆ ಆಕೆಗೆ ಹಿತ್ತಲ ಕಡೆಯ ಹಳೆಯ ಬಚ್ಚಲನ್ನೇ ಬಿಟ್ಟಿದ್ದರು. ಮಳೆಯಲ್ಲಿ ಎರಡು ಸಲ ಜಾರಿ ಬಿದ್ದಿದ್ದರು. ಮಗ ತಲೆ ಎತ್ತಲಿಲ್ಲ. ನಾನು ದಾನಪತ್ರ ತಿರುಗಿಸಿ ಕೊನೆಯ ಪುಟ ನೋಡಿದೆ. ಮೊದಲ ಸಾಕ್ಷಿ ಆಕೆಯ ತಮ್ಮ, ಅಂದರೆ ಆ ಮಗನ ಸೋದರಮಾವ. ಮುಂದಿನ ತಾರೀಖಿಗೆ ಅವರನ್ನೂ ಬರಹೇಳಿದೆ. ಸಹಿಯ ಮೇಲೆ ಬೆರಳಿಟ್ಟು, 'ಇದು ನಿಮ್ಮದೇ ತಾನೆ? ಇದಾದ ಮೇಲೆ ಅಕ್ಕನ ಮನೆಗೆ ಎಷ್ಟು ಸಲ ಹೋಗಿದ್ದೀರಿ?' ಎಂದು ಕೇಳಿದೆ. ನಾಲ್ಕು ವರ್ಷದಲ್ಲಿ ಹೋಗಿದ್ದು ಒಂದೇ ಸಲ, ಮದುವೆಯ ಊಟಕ್ಕೆ. ಅವರ ಮೇಲೆ ಯಾವ ಕಾನೂನೂ ಇಲ್ಲ, ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಆ ಮನುಷ್ಯ ಕಣ್ಣೊರೆಸಿಕೊಂಡು, 'ತಪ್ಪಾಯ್ತಕ್ಕ' ಎಂದರು. ಅಲ್ಲಿಂದ ಮೇಲೆ ಪ್ರತಿ ಅಮಾವಾಸ್ಯೆಗೆ ಒಂದು ಸೀಬೆಹಣ್ಣಿನ ಚೀಲ ಹಿಡಿದುಕೊಂಡು ಆ ಮನೆಗೆ ಹೋಗುತ್ತಿದ್ದರು. ಒಳಗಿನ ಬಚ್ಚಲಿನ ಬಾಗಿಲು ಮೊದಲ ಅಮಾವಾಸ್ಯೆಗೇ ತೆರೆಯಿತು. ಎಲ್ಲ ಪ್ರಕರಣ ಹೀಗೆ ಮುಗಿಯುವುದಿಲ್ಲ. ಸಾಕ್ಷಿ ಜೆರಾಕ್ಸ್ ಅಂಗಡಿಯ ಹುಡುಗನಾದ ಕಡೆ ಕರೆಸುವುದು ಯಾರನ್ನು?

ಪರಿಣಾಮ ಅಜ್ಜಿಯ ಜಗಲಿಗೆ ನಿಲ್ಲುವುದಿಲ್ಲ. ನಿಮ್ಮ ಬೀದಿಯ ಉಳಿದ ಹಿರಿಯರು ಆ ಜಗಲಿಯನ್ನು ದಿನವೂ ನೋಡುತ್ತಿದ್ದಾರೆ. ಅವರಲ್ಲಿ ಒಳ್ಳೆಯ ಮಕ್ಕಳಿರುವವರೂ ಈಗ ಪತ್ರಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾರೆ, ಮಗ ಸಾಲಕ್ಕೆ ಸಹಿ ಕೇಳಿದರೂ ಅನುಮಾನ ಪಡುತ್ತಾರೆ. ತಪ್ಪು ಮಾಡದ ಮನೆಗೂ ಅಪನಂಬಿಕೆ ನುಗ್ಗುತ್ತದೆ. ಹೆಣ್ಣುಮಕ್ಕಳ ಕಥೆ ಇನ್ನೊಂದು. ನಮ್ಮ ರಾಜ್ಯದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ ಅವರಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. ಆದರೂ 'ಅರಿಶಿನ ಕುಂಕುಮಕ್ಕೆ' ಎಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಡೆದೇ ಇದೆ. ಕೊನೆಗೆ ಏನೂ ಪಡೆಯದ ಮಗಳೇ ತಾಯಿಯನ್ನು ಕರೆದುಕೊಂಡು ಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆಸ್ಪತ್ರೆಗಳಲ್ಲೂ ಹೀಗೆಯೇ: ದಾಖಲು ಮಾಡುವಾಗ ತಪ್ಪು ಫೋನ್ ನಂಬರ್ ಕೊಟ್ಟು ಮಕ್ಕಳು ಹೊರಟುಹೋಗುತ್ತಾರೆ. ಇದು ಎಷ್ಟು ಬೆಳೆಯಿತೆಂದರೆ 2025ರಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು, ಹೀಗೆ ಬಿಟ್ಟುಹೋದವರ ಹೆಸರಿಗೆ ಆಗಿರುವ ಆಸ್ತಿ ವರ್ಗಾವಣೆ ರದ್ದು ಮಾಡಿಸಲು ಕ್ರಮ ತೆಗೆದುಕೊಳ್ಳಿ ಎಂದು ಅಧಿಕಾರಿಗಳಿಗೆ ಹೇಳಬೇಕಾಯಿತು.

ಮಕ್ಕಳ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ, ನೀವು ಶಿಕ್ಷಕಿ. ಜಗಲಿಯ ಅಜ್ಜಿಗೆ ತಟ್ಟೆ ಕೊಟ್ಟು ಬಾ ಎಂದು ಕಳಿಸುವುದು ಮೊಮ್ಮಗನನ್ನೇ. ಯಾವ ತಟ್ಟೆಯಲ್ಲಿ ಕೊಡುತ್ತಾರೆ, ಎಲ್ಲಿ ಇಟ್ಟು ಬರಬೇಕು ಎಂಬುದನ್ನು ಆ ಹುಡುಗ ನೋಡಿ ಕಲಿಯುತ್ತಿದ್ದಾನೆ.

ಇನ್ನು ನೀವು ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ನಿಮ್ಮ ಅಜ್ಜಿಯಂಥವರಿಗಾಗಿಯೇ ಬಂದದ್ದು. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ, ಅಂದರೆ ಎಸಿ ಕಚೇರಿಯ ನ್ಯಾಯಮಂಡಳಿಗೆ ಕೊಡಬೇಕು. ಅಜ್ಜಿಗೆ ಓಡಾಡಲು ಆಗದಿದ್ದರೆ ಅವರು ಅಧಿಕಾರ ಕೊಟ್ಟ ಬೇರೆಯವರು ಅರ್ಜಿ ಹಾಕಬಹುದು. ಅದು ನೀವೂ ಆಗಬಹುದು. ಮಕ್ಕಳಿಗೆ ನೋಟಿಸು ಮುಟ್ಟಿದ 90 ದಿನದಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಕಾಯ್ದೆ ಹೀಗೆ ಹೇಳಿದರೂ ತಾರೀಖಿನ ಮೇಲೆ ತಾರೀಖು ಬೀಳುವುದುಂಟು. ಅಂಥ ಕಡೆ ಅಧಿಕಾರಿಗಳೂ ಈ ಕುಸಿತದಲ್ಲಿ ಪಾಲುದಾರರೇ. ಕಾಯ್ದೆಯಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ ಎಂದಿದೆ. ಆದೇಶವಾದರೂ ಕೊಡದಿದ್ದರೆ ವಾರಂಟ್ ಹೊರಡಿಸಬಹುದು, ಒಂದು ತಿಂಗಳವರೆಗೆ ಜೈಲಿಗೂ ಕಳಿಸಬಹುದು. ಹಿರಿಯರನ್ನು ಬೇಕೆಂದೇ ತೊರೆದವರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ತೋಟ ಮತ್ತು ಮನೆ ವಾಪಸು ಬರುತ್ತದೆಯೇ ಎಂಬುದು ಪತ್ರದ ಮೇಲೆ ನಿಂತಿದೆ. ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವರು ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ಅಸಿಂಧು ಎಂದು ಘೋಷಿಸಬಹುದು. 2022ರಲ್ಲಿ ಸುಪ್ರೀಂ ಕೋರ್ಟ್, ಅಂಥ ಷರತ್ತು ಇತ್ತೆಂಬುದು ಸಾಬೀತಾಗಬೇಕು ಎಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಈ ಕಾನೂನನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕು ಎಂದು ಹೇಳಿ, ದಾನಪತ್ರ ರದ್ದು ಮಾಡಿದ್ದನ್ನು ಎತ್ತಿಹಿಡಿದು ಆಸ್ತಿಯನ್ನು ಆಕೆಯ ವಶಕ್ಕೆ ಕೊಡಿಸಿತು. ಅಲ್ಲಿ ಮಗ ಅದೇ ದಿನ ನೋಡಿಕೊಳ್ಳುವ ಮಾತನ್ನು ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ. ಆದ್ದರಿಂದ ಅಜ್ಜಿಯ ಪತ್ರದಲ್ಲಿ ಆ ಸಾಲು ಇಲ್ಲದಿದ್ದರೂ ಕೈಚೆಲ್ಲಬೇಡಿ, ಬೇರೆ ಚೀಟಿ, ಒಪ್ಪಂದ ಏನಾದರೂ ಇದೆಯೇ ಹುಡುಕಿ. ಅದು ದಾನಪತ್ರವಲ್ಲದೆ ಪಾಲುಪಟ್ಟಿಯಾಗಿದ್ದರೆ ಆಸ್ತಿಯ ದಾರಿ ಬೇರೆ, ಸ್ಥಳೀಯ ವಕೀಲರನ್ನು ಕೇಳಿ. ಜೀವನಾಂಶ ಕೇಳುವುದಕ್ಕೆ ಮಾತ್ರ ಯಾವ ಪತ್ರವೂ ಅಡ್ಡಿಯಲ್ಲ. ಪಾಸ್‌ಬುಕ್ಕಿನ ವಿಷಯಕ್ಕೆ ಇಷ್ಟೆಲ್ಲ ಬೇಕಿಲ್ಲ. ಅಜ್ಜಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಹೊಸ ಪಾಸ್‌ಬುಕ್ಕು ಕೇಳಿಸಿ, ಎಟಿಎಂ ಕಾರ್ಡು ಇದ್ದರೆ ನಿಲ್ಲಿಸಿ. ಹಿರಿಯರ ಸಹಾಯವಾಣಿ 14567, ಕರೆಗೆ ದುಡ್ಡಿಲ್ಲ.

ಇದನ್ನೆಲ್ಲ ಮಾಡುವ ಮೊದಲು ಅಜ್ಜಿಗೆ ಏನು ಬೇಕು ಎಂದು ಕೇಳಿ, ಅದೂ ಮಕ್ಕಳು ಹತ್ತಿರ ಇಲ್ಲದಾಗ. ಬಹಳ ತಾಯಂದಿರು 'ನನ್ನ ಮಗನ ಮಾನ ಹೋಗುತ್ತೆ' ಎಂದು ಅರ್ಜಿ ವಾಪಸು ತೆಗೆದುಕೊಂಡಿದ್ದನ್ನು ನೋಡಿದ್ದೇನೆ. ಅವರಿಗೆ ಬೇಕಿರುವುದು ಒಳಗಿನ ಕೋಣೆಯೋ, ಮಗಳ ಮನೆಗೆ ಹೋಗುವ ಬಸ್ ಚಾರ್ಜೋ, ಅಥವಾ ತೋಟವೇ ವಾಪಸೋ, ಅದನ್ನು ಅವರೇ ಹೇಳಬೇಕು.

ಆಮೇಲೆ ಪತ್ರದ ದೃಢೀಕೃತ ನಕಲು ತೆಗೆಸಿ, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಟ್ಟರೆ ಸಿಗುತ್ತದೆ. ಬಂದ ಕೂಡಲೇ ಕೊನೆಯ ಪುಟ ನೋಡಿ. ಅಲ್ಲಿರುವ ಎರಡು ಹೆಸರಿನಲ್ಲಿ ಒಂದಾದರೂ ನಿಮ್ಮ ಬೀದಿಯದೋ, ಅಜ್ಜಿಯ ತವರಿನದೋ ಆಗಿದ್ದರೆ, ಎಸಿ ಕಚೇರಿಯ ಬಸ್ಸು ಹತ್ತುವ ಮೊದಲು ಆ ನಕಲು ಹಿಡಿದುಕೊಂಡು ಅವರ ಮನೆಗೆ ಹೋಗಿ.